ಇಪ್ಪತ್ತರ ಸೈನಿಕರ ರಕ್ತನಾಳಗಳು

ಹೃದ್ರೋಗವೆಂದರೆ ಐವತ್ತು ದಾಟಿದವರ ಕಾಯಿಲೆ ಎಂದು ನಮ್ಮ ಮನೆಗಳಲ್ಲಿ ಇಂದಿಗೂ ನಂಬುತ್ತಾರೆ. ನೀವೂ ಹಾಗೆಯೇ ಭಾವಿಸಿದ್ದರೆ ಅಮೆರಿಕದ ಸೈನಿಕರ ಮೇಲೆ ನಡೆದ ಮೂರು ಅಧ್ಯಯನಗಳನ್ನು ತಿಳಿದುಕೊಳ್ಳಿ.

ಕೊರಿಯಾ ಯುದ್ಧದಲ್ಲಿ ಮಡಿದ 300 ಸೈನಿಕರ ಹೃದಯಗಳನ್ನು ಎನೋಸ್, ಹೋಮ್ಸ್ ಮತ್ತು ಬೇಯರ್ ಎಂಬ ವೈದ್ಯರು ಪರೀಕ್ಷಿಸಿದರು. ವರದಿ 1953ರಲ್ಲಿ ಪ್ರಕಟವಾಯಿತು. ಸತ್ತವರ ಸರಾಸರಿ ವಯಸ್ಸು ಸುಮಾರು 22. ಅವರು ಹೃದ್ರೋಗದಿಂದಲ್ಲ, ಯುದ್ಧದ ಗಾಯಗಳಿಂದ ಸತ್ತವರು. ಸದೃಢರೆಂದು ಆರಿಸಿ ಸೇನೆಗೆ ಸೇರಿಸಿಕೊಂಡವರು. ಆದರೂ ಶೇ. 77.3 ಮಂದಿಯ ಹೃದಯದ ರಕ್ತನಾಳಗಳಲ್ಲಿ ರೋಗದ ಗುರುತು ಕಣ್ಣಿಗೇ ಕಂಡಿತು. ಇದರಲ್ಲಿ ನಾಳದ ಒಳಪದರ ಸ್ವಲ್ಪವೇ ದಪ್ಪಗಾಗಿದ್ದವರೂ ಸೇರಿದ್ದಾರೆ ಎಂಬುದನ್ನು ಮರೆಯಬಾರದು. ಕೆಲವರಲ್ಲಿ ಮಾತ್ರ ನಾಳ ಪೂರ್ತಿ ಮುಚ್ಚಿತ್ತು. ಅವರಾರಿಗೂ ಇದು ಗೊತ್ತಿದ್ದಿರಲಾರದು.

ವಿಯೆಟ್ನಾಂನಲ್ಲಿ ಮಡಿದ 105 ಸೈನಿಕರ ಪರೀಕ್ಷೆಯಲ್ಲಿ (1971) ಈ ಪ್ರಮಾಣ ಶೇ. 45. ಮುಂದೆ ಇರಾಕ್, ಅಫ್ಘಾನಿಸ್ತಾನ ಯುದ್ಧಗಳ ಕಾಲದಲ್ಲಿ ಮಡಿದ 3,832 ಮಂದಿಯ ದಾಖಲೆಗಳನ್ನು ನೋಡಿದಾಗ (2012) ಕೇವಲ ಶೇ. 8.5.

ಅಬ್ಬಾ, ಕಾಯಿಲೆ ಇಳಿದುಹೋಯಿತು ಎನ್ನಬೇಡಿ. ಮೂರೂ ಅಧ್ಯಯನಗಳ ಪರೀಕ್ಷಾ ವಿಧಾನ ಒಂದೇ ಅಲ್ಲ. 77ರಿಂದ 8ನ್ನು ನೇರವಾಗಿ ಕಳೆದು ಲೆಕ್ಕ ಹಾಕಲಾಗದು. ಆದರೂ ಇಳಿಕೆ ಪೂರ್ತಿ ಸುಳ್ಳೂ ಅಲ್ಲ. ಒಂದು ಕಾಲಕ್ಕೆ ಸೈನಿಕರ ಊಟದ ಪೊಟ್ಟಣದಲ್ಲೇ ಸಿಗರೇಟು ಇಟ್ಟು ಕೊಡುತ್ತಿದ್ದರು! 1970ರ ದಶಕದಲ್ಲಿ ಅದು ನಿಂತಿತು. ಅಮೆರಿಕದ ಸೇನೆಯಲ್ಲಿ ಧೂಮಪಾನಿಗಳು 1980ರಲ್ಲಿ ಶೇ. 51 ಇದ್ದವರು 2011ಕ್ಕೆ ಶೇ. 24ಕ್ಕೆ ಇಳಿದರು.

ಕೊನೆಯ ಅಧ್ಯಯನದ ಒಳಗಿನ ಅಂಕಿಗಳೇ ನನಗೆ ಹೆಚ್ಚು ಮುಖ್ಯವೆನಿಸುತ್ತವೆ. 24 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ರೋಗ ಶೇ. 6.6, ನಲವತ್ತು ಮತ್ತು ಮೇಲ್ಪಟ್ಟವರಲ್ಲಿ ಶೇ. 45.9. ರಕ್ತದ ಕೊಬ್ಬು ಹೆಚ್ಚಿದ್ದವರಲ್ಲಿ ಅರ್ಧದಷ್ಟು ಮಂದಿಗೆ, ರಕ್ತದೊತ್ತಡ ಇದ್ದವರಲ್ಲಿ ಶೇ. 43.6 ಮಂದಿಗೆ ರೋಗವಿತ್ತು. ಪರೀಕ್ಷಿಸಲ್ಪಟ್ಟವರಲ್ಲಿ ಶೇ. 98ರಷ್ಟು ಗಂಡಸರು. ಹಾಗೆಂದು ಸಹೋದರಿಯರು ನಿಶ್ಚಿಂತೆಯಿಂದ ಇರಬಾರದು. ಈ ಲೆಕ್ಕ ಅವರ ಬಗ್ಗೆ ಏನನ್ನೂ ಹೇಳುವುದಿಲ್ಲ, ಅಷ್ಟೇ.

ಸೈನಿಕರಿಗೂ ನಮಗೂ ಏನು ಸಂಬಂಧ? 2007ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಂತೆ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೆ ಬರುತ್ತದೆ. ಬೇರೆ ದೇಶಗಳಲ್ಲಿ ಸುಮಾರು 59ಕ್ಕೆ. ನಮ್ಮ ಹುಡುಗರು ಓಡಾಡಿಕೊಂಡಿದ್ದಾರೆ, ತೆಳ್ಳಗಿದ್ದಾರೆ ಎಂಬುದು ಸಾಕಾಗದು. ಆ ಸೈನಿಕರೂ ಓಡಾಡಿಕೊಂಡಿದ್ದವರೇ.

ಯುನಾನಿಯಲ್ಲಿ ಆರೋಗ್ಯಕ್ಕೆ ಆರು ಅಗತ್ಯ ಕಾರಣಗಳನ್ನು ಹೇಳುತ್ತೇವೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ವಿಸರ್ಜನೆ. ಬೀಡಿ ಸಿಗರೇಟು ಮೊದಲನೆಯದನ್ನೇ ಕೆಡಿಸುತ್ತವೆ. ಡಾಲ್ಡಾದ ಬಿರಿಯಾನಿ ಎರಡನೆಯದನ್ನು. ರಾತ್ರಿ ಒಂದು ಗಂಟೆಯವರೆಗಿನ ಮೊಬೈಲಿನ ವಿಷಯ ನೀವೇ ಬಲ್ಲಿರಿ. ಆದರೆ ನಬ್ಜ್ ನೋಡಿ ರಕ್ತದ ಕೊಲೆಸ್ಟರಾಲ್ ಹೇಳುವೆನೆಂದು ಯಾವ ಹಕೀಮನಾದರೂ ಅಂದರೆ ನಂಬಬೇಡಿ. ಅದಕ್ಕೆ ರಕ್ತ ಪರೀಕ್ಷೆಯೇ ಬೇಕು. ಎದೆನೋವು, ಎಡಗೈ ಸೆಳೆತ, ತಣ್ಣನೆ ಬೆವರು ಬಂದರೆ ನಮ್ಮ ಕಷಾಯಕ್ಕೆ ಕಾಯದೆ ಇ.ಸಿ.ಜಿ. ಇರುವ ಆಸ್ಪತ್ರೆಗೆ ಹೋಗಿ.

ಇಪ್ಪತ್ತು ದಾಟಿದ ಮಕ್ಕಳಿಗೆ ಒಮ್ಮೆ ರಕ್ತದೊತ್ತಡ ಮತ್ತು ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ. ಒತ್ತಡ 140/90 ಮುಟ್ಟಿದರೆ ಬೇರೆ ದಿನ ಮತ್ತೊಮ್ಮೆ ನೋಡಿಸಿ. ತಂದೆ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದ್ರೋಗ ಬಂದಿದ್ದರೆ ವೈದ್ಯರು ಕೇಳುವ ಮೊದಲೇ ಅದನ್ನು ಹೇಳಿ.