ಕ್ಯಾಸಲ್‌ರಾಕ್‌ಗೆ ಹೋದ್ರೆ ರೇಟಿಂಗ್ ಯಾಕೆ ಬೀಳುತ್ತೆ?

ಕಳೆದ ರಜೆಯಲ್ಲಿ ನಾವು ನಾಲ್ಕು ಜನ ಗೆಳೆಯನ ಊರು ಕ್ಯಾಸಲ್‌ರಾಕ್‌ಗೆ ಹೋಗಿದ್ವಿ. ಹೊರಗೆ ಜೋಯಿಡಾ ಕಾಡಿನ ಮಳೆ, ಒಳಗೆ ಮೊಬೈಲ್‌ನಲ್ಲಿ ಶೂಟರ್ ಗೇಮ್. ಹಾಸ್ಟೆಲ್‌ನಲ್ಲಿ 40 ಇರೋ ಪಿಂಗ್ ಅಲ್ಲಿ 200 ದಾಟ್ತಿತ್ತು. ಎದುರಾಳಿ ಕಾಣೋದ್ರೊಳಗೆ ನಾವು ಸತ್ತಿರ್ತಿದ್ವಿ. ಹತ್ತರಲ್ಲಿ ಏಳು ಮ್ಯಾಚ್ ಸೋತ್ವಿ. "ಲೇ, ಬೇಕಂತನ ನಮಗ ಭಾರೀ ಮಂದಿನ್ನ ಹಾಕ್ತಾರ ನೋಡ್ರೋ" ಅಂತ ಗೆಳೆಯ ಫೋನನ್ನ ಹಾಸಿಗೆ ಮೇಲೆ ಎಸೆದ.

ನಿಜವಾಗ್ಲೂ ಬೇಕಂತ ಹಾಕ್ತಾರಾ? ಲೆಕ್ಕ ಮಾಡಿ ನೋಡೋಣ.

ಆಟಗಾರನ ಮಟ್ಟವನ್ನ ಒಂದು ಸಂಖ್ಯೆಯಾಗಿ ಬರೆಯೋ ಪದ್ಧತಿ ಚೆಸ್‌ನಿಂದ ಬಂದದ್ದು. ಭೌತಶಾಸ್ತ್ರದ ಪ್ರೊಫೆಸರ್ ಆರ್ಪಾಡ್ ಎಲೋ ಅವರ ಸೂತ್ರವನ್ನ ಅಮೆರಿಕದ ಚೆಸ್ ಫೆಡರೇಶನ್ 1960ರಲ್ಲಿ, ಫಿಡೆ 1970ರಲ್ಲಿ ಒಪ್ಪಿಕೊಂಡವು. ಗೇಮ್‌ಗಳು ಅದೇ ವಿಚಾರವನ್ನ ತಮ್ಮ ತಮ್ಮ ರೀತಿ ಬೆಳೆಸಿಕೊಂಡಿವೆ. ಎಲೋ ಪ್ರಕಾರ ರೇಟಿಂಗ್ ಸಮ ಇದ್ರೆ ಗೆಲ್ಲೋ ಅಂದಾಜು 50%. 200 ಅಂತರ ಇದ್ರೆ ಮೇಲಿನವನಿಗೆ 76%, 400 ಇದ್ರೆ 91%. ಮ್ಯಾಚ್ ಮುಗಿದ ಮೇಲೆ ರೇಟಿಂಗ್‌ಗೆ ಕೂಡೋದು: 32 × (ಫಲ − ಅಂದಾಜು). ಗೆದ್ರೆ ಫಲ 1, ಸೋತ್ರೆ 0. ಸಮಾನರ ಜೊತೆ ಆಡಿದ್ರೆ ಪ್ರತಿ ಸಲ 16 ಬರುತ್ತೆ, ಇಲ್ಲಾ 16 ಹೋಗುತ್ತೆ. (32 ಅನ್ನೋದು ನಾವು ಆರಿಸಿಕೊಂಡ ಸಂಖ್ಯೆ, ಬೇರೆ ಇಟ್ಕೋಬಹುದು.)

ಈಗ ಗೆಳೆಯನ ರೇಟಿಂಗ್ 1600 ಅಂದ್ಕೊಳ್ಳಿ. ಅದು ಹಾಸ್ಟೆಲ್ ವೈಫೈನಲ್ಲಿ ಗಳಿಸಿದ್ದು. ಊರಲ್ಲಿ ಅವನ ಆಟ ಅಷ್ಟಿಲ್ಲ, ಆದ್ರೂ ಎದುರಿಗೆ ಬರೋರು 1600ರವರೇ. ಕುಳೆಂನಿಂದ ಕ್ಯಾಸಲ್‌ರಾಕ್‌ಗೆ ಘಾಟ್ ಹತ್ತೋ ರೈಲಿಗೆ 37ಕ್ಕೆ 1ರ ಏರು ಇದೆ ಅಂತ ಹೆಚ್ಚುವರಿ ಎಂಜಿನ್ ಹಾಕ್ತಾರೆ. ಎಲೋ ಸೂತ್ರದಲ್ಲಿ ಏರಿಗೆ ಜಾಗ ಇಲ್ಲ, ಸೋಲು ಗೆಲುವು ಎರಡೇ. ಮೂರು ಗೆದ್ದು ಏಳು ಸೋತ್ರೆ 4 × 16 = 64 ಹೋಯ್ತು. ಉಳಿದದ್ದು 1536.

ನಾವು ಗಮನಿಸದೇ ಇದ್ದದ್ದು ಇನ್ನೊಂದಿದೆ. ರಜೆ ಮುಗಿಸಿ ಹಾಸ್ಟೆಲ್‌ಗೆ ಬಂದಾಗ ಅವನ ಆಟ ಮತ್ತೆ 1600, ಕಾರ್ಡ್ ಮೇಲೆ ಮಾತ್ರ 1536. ಎದುರಾಳಿಗೆ ಗೆಲ್ಲೋ ಅವಕಾಶ 50% ಅಂತ ಸಿಸ್ಟಂ ಹೇಳುತ್ತೆ, ನಿಜವಾಗಿ ಇರೋದು ಸುಮಾರು 41%. ಆಗ ಇನ್ಯಾವುದೋ ಊರಲ್ಲಿ ಇನ್ಯಾರೋ ಫೋನ್ ಎಸೀತಾರೆ, "ಬೇಕಂತಲೇ ಹಾಕಿದ್ರು" ಅಂತ.

ಮೈಕ್ರೋಸಾಫ್ಟ್ ರಿಸರ್ಚ್‌ನ ಟ್ರೂಸ್ಕಿಲ್‌ನಲ್ಲಿ ಮಟ್ಟದ ಜೊತೆ ಅನಿಶ್ಚಿತತೆಗೂ ಒಂದು ಸಂಖ್ಯೆ ಇದೆ, ಶುರುವಿಗೆ 25 ಮತ್ತು 8.33. ಹೊಸಬರ ಮಟ್ಟ ಬೇಗ ಬದಲಾಗುತ್ತೆ, ಹಳಬರದ್ದು ನಿಧಾನ. ಹಾಗಾಗಿ ಹಳಬರು ಒಂದು ವಾರ ಊರಿಗೆ ಹೋದ್ರೆ ಕಡಿಮೆ ಬೀಳ್ತಾರೆ. ಆದ್ರೆ ಬಿದ್ದದ್ದು ಮೇಲೇಳೋದೂ ನಿಧಾನವೇ.

ಈ ದೀಪಾವಳಿಗೆ ಮತ್ತೆ ಕ್ಯಾಸಲ್‌ರಾಕ್‌ಗೆ ಹೋಗ್ತೀವಿ. ರ‍್ಯಾಂಕ್ಡ್ ಮ್ಯಾಚ್ ಆಡಬಾರದು ಅಂತ ಮಾತಾಗಿದೆ, ಗೆಳೆಯ ಇನ್ನೂ ಒಪ್ಪಿಲ್ಲ.