'ಅನಂತ'ದ ಅರ್ಥ: ಜನಪ್ರಿಯ ಗಣಿತ ಗ್ರಂಥಗಳಲ್ಲಿನ ಕೆಲವು ಪ್ರಮಾದಗಳು

'ಅನಂತ' ಎಂಬ ಪದವು ದರ್ಶನ, ಕಾವ್ಯ, ಗಣಿತ ಈ ಮೂರೂ ಕ್ಷೇತ್ರಗಳಲ್ಲಿ ಸಂಚರಿಸುವುದರಿಂದ, ಒಂದೆಡೆಯ ಅರ್ಥವನ್ನು ಮತ್ತೊಂದೆಡೆ ಆರೋಪಿಸುವ ಪ್ರಮಾದ ಸುಲಭವಾಗಿ ಘಟಿಸುತ್ತದೆ. ಜನಪ್ರಿಯ ಗಣಿತ ಗ್ರಂಥಗಳಲ್ಲಿ ಕಾಣುವ ಇಂತಹ ಮೂರು ಪ್ರಮಾದಗಳನ್ನು ಇಲ್ಲಿ ಪರಿಶೀಲಿಸಬಹುದು.

ಮೊದಲನೆಯದು, ಸೊನ್ನೆಯಿಂದ ಭಾಗಿಸಿದರೆ ಅನಂತ ಲಭಿಸುತ್ತದೆಂಬುದು ಪ್ರಾಚೀನ ಭಾರತೀಯರ ಏಕಮತ ಎಂಬ ಹೇಳಿಕೆ. ವಸ್ತುಸ್ಥಿತಿ ಬೇರೆ. ಬ್ರಹ್ಮಗುಪ್ತನು 628ರಲ್ಲಿ ಅಂತಹ ರಾಶಿಯನ್ನು ಸೊನ್ನೆ ಛೇದವುಳ್ಳ ಭಿನ್ನವಾಗಿಯೇ ಉಳಿಸಿದನು. ಅಮೋಘವರ್ಷ ನೃಪತುಂಗನ ಕಾಲದ, ಸುಮಾರು 850ರ 'ಗಣಿತಸಾರಸಂಗ್ರಹ'ದಲ್ಲಿ ಮಹಾವೀರಾಚಾರ್ಯನು ಸಂಖ್ಯೆ ಬದಲಾಗದೆ ಉಳಿಯುತ್ತದೆಂದನು. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಹೊರತಂದ ಆವೃತ್ತಿಯಲ್ಲಿ ಈ ನಿಯಮ ಸ್ಪಷ್ಟವಾಗಿದೆ. 12ನೆಯ ಶತಮಾನದ ಭಾಸ್ಕರಾಚಾರ್ಯನಾದರೋ ಅದನ್ನು 'ಖಹರ'ವೆಂದು ಕರೆದು, ಕೂಡಿದರೂ ಕಳೆದರೂ ವಿಕಾರಗೊಳ್ಳದ ಅದನ್ನು ಅಚ್ಯುತನಿಗೆ ಹೋಲಿಸಿದನು. ಆಧುನಿಕ ಗಣಿತ ಈ ಮೂರನ್ನೂ ಒಪ್ಪದು. 6ನ್ನು ಸೊನ್ನೆಯಿಂದ ಭಾಗಿಸಿದ ಫಲವನ್ನು ಸೊನ್ನೆಯಿಂದ ಗುಣಿಸಿದರೆ 6 ಬರಬೇಕು. ಅಂತಹ ಸಂಖ್ಯೆಯೇ ಇಲ್ಲ. ಆದುದರಿಂದ ಆ ಭಾಗಾಕಾರಕ್ಕೆ ಅರ್ಥವಿಲ್ಲ.

ಎರಡನೆಯದು, ಅನಂತವೆಂದರೆ ಅತಿದೊಡ್ಡ ಸಂಖ್ಯೆಯೆಂಬ ಭಾವನೆ. ಸಮಸಂಖ್ಯೆಗಳು ಎಲ್ಲ ಎಣಿಕೆಸಂಖ್ಯೆಗಳ ಅರ್ಧದಷ್ಟೆಂಬ ಮಾತು ಇದರಿಂದಲೇ ಹುಟ್ಟುತ್ತದೆ. 1ಕ್ಕೆ 2, 2ಕ್ಕೆ 4, 3ಕ್ಕೆ 6 ಎಂದು ಜೋಡಿಸುತ್ತ ಹೋದರೆ ಎರಡು ಕಡೆಯಲ್ಲೂ ಒಂದೂ ಉಳಿಯದು. ಹಾಗೆಂದು ಎಲ್ಲ ಅನಂತಗಳೂ ಸಮವೆನ್ನುವುದೂ ತಪ್ಪು. ವಾಸ್ತವ ಸಂಖ್ಯೆಗಳನ್ನು ಎಣಿಕೆಸಂಖ್ಯೆಗಳೊಡನೆ ಹೀಗೆ ಜೋಡಿಸಲಾಗದೆಂದು ಗೇಯಾರ್ಗ್ ಕ್ಯಾಂಟರ್ 1874ರಲ್ಲಿ ಸಿದ್ಧಪಡಿಸಿದನು.

ಮೂರನೆಯದು ಅಭಿಮಾನದಿಂದ ಹುಟ್ಟಿದ್ದು. ಮೂಡಬಿದಿರೆಯ ತಾಳೆಗರಿಗಳಲ್ಲಿ ಉಳಿದುಬಂದ ವೀರಸೇನಾಚಾರ್ಯನ 'ಧವಲಾ' ಟೀಕೆಯಲ್ಲಿ ಸಂಖ್ಯಾತ, ಅಸಂಖ್ಯಾತ, ಅನಂತಗಳ ವಿಭಜನೆಯಿರುವುದರಿಂದ ಜೈನರು ಕ್ಯಾಂಟರನಿಗಿಂತ ಮೊದಲೇ ಅವನ ಸಿದ್ಧಾಂತವನ್ನು ಕಂಡಿದ್ದರೆನ್ನುವುದುಂಟು. ಆದರೆ ಜೈನ ಗಣನೆಯಲ್ಲಿ ಉತ್ಕೃಷ್ಟ ಸಂಖ್ಯಾತಕ್ಕೆ ಒಂದನ್ನು ಕೂಡಿದರೆ ಜಘನ್ಯ ಅಸಂಖ್ಯಾತ ದೊರೆಯುತ್ತದೆ. ಕ್ಯಾಂಟರನ ಗಣಿತದಲ್ಲಿ ಯಾವ ಪರಿಮಿತ ಸಂಖ್ಯೆಗೂ ಒಂದನ್ನು ಕೂಡಿ ಅನಂತವನ್ನು ಮುಟ್ಟಲಾಗದು. ಎರಡರ ಆಧಾರವೇ ಬೇರೆ. ಆದರೂ ಅನಂತದಲ್ಲಿ ಪ್ರಭೇದಗಳುಂಟೆಂದು ಅಷ್ಟು ಹಿಂದೆಯೇ ಚಿಂತಿಸಿದುದು ಸ್ವತಃ ದೊಡ್ಡ ಸಾಹಸ. ಅದಕ್ಕೆ ಎರವಲು ಕೀರ್ತಿ ಬೇಕಿಲ್ಲ.

ಹೀಗೆ ಒಂದೇ ಪದ ಶಾಸ್ತ್ರದಿಂದ ಶಾಸ್ತ್ರಕ್ಕೆ ಅರ್ಥ ಬದಲಿಸುತ್ತದೆ. ಜೈನ ಪರಿಭಾಷೆಯ 'ಅಸಂಖ್ಯಾತ'ವನ್ನು ಇಂದಿನ ಎಣಿಸಲಾಗದ ಗಣಗಳಿಗೆ ವಿವೇಚನೆಯಿಲ್ಲದೆ ಬಳಸಿದರೆ ಎರಡು ಶಾಸ್ತ್ರಗಳಿಗೂ ಅನ್ಯಾಯವಾಗುತ್ತದೆ. ಪಾರಿಭಾಷಿಕ ಪದಗಳ ಇತಿಹಾಸವನ್ನರಿತು ಅವುಗಳ ಎಲ್ಲೆಯನ್ನು ಗುರುತಿಸುವುದು ಗಣಿತಜ್ಞರದಷ್ಟೇ ಕನ್ನಡ ವಿದ್ವಾಂಸರ ಹೊಣೆಯೂ ಹೌದು.