ಕಣ್ಣಿನ ಗೂಡಿನ ತೆಳುಗೋಡೆಗಳು

ವೈದ್ಯಕೀಯದ ಮೊದಲ ವರ್ಷದವರಿಗೆ ಕಣ್ಣಿನ ಗೂಡು ಎಂದರೆ ಏಳು ಹೆಸರುಗಳ ಪಟ್ಟಿ. ಹಣೆಯ ಫ್ರಾಂಟಲ್, ಕೆನ್ನೆಯ ಝೈಗೋಮ್ಯಾಟಿಕ್, ಮೇಲ್ದವಡೆಯ ಮ್ಯಾಕ್ಸಿಲ್ಲಾ, ಹಿಂಬದಿಗೆ ಸ್ಫೀನಾಯ್ಡ್, ಮೂಗಿನ ಕಡೆಗೆ ಎಥ್ಮಾಯ್ಡ್ ಮತ್ತು ಲ್ಯಾಕ್ರಿಮಲ್, ತೀರಾ ಒಳಮೂಲೆಯಲ್ಲಿ ಪ್ಯಾಲಟೈನ್‌ನ ಒಂದು ಚೂರು. ವೈವಾದಲ್ಲಿ ಒಪ್ಪಿಸಿದರೆ ಅಂಕ ಬರುತ್ತದೆ. ಪರೀಕ್ಷೆ ಮುಗಿದ ಮೇಲೆ ಹೆಸರುಗಳೂ ಹೋಗುತ್ತವೆ. ಅಂಗರಚನೆ ಕಲಿಸುವುದರಲ್ಲೇ ಬಹಳ ಕಾಲ ಕಳೆದ ನನಗೆ ಈಗ ಖಚಿತವಾಗಿರುವುದು ಇಷ್ಟು: ಈ ಸಣ್ಣ ಮೂಳೆಗಳನ್ನು ಅವುಗಳ ಅಂಚು, ಆಕಾರ, ಸೇರುವೆಗಳಿಂದ ತಿಳಿಯಲು ಹೊರಟರೆ ಕೈಗೆ ಹೆಚ್ಚೇನೂ ದಕ್ಕುವುದಿಲ್ಲ. ಪ್ರತಿಯೊಂದರ ಎದುರಿಗೂ ಮೊದಲು ಕೇಳಬೇಕಾದ್ದು, ಇದರ ಆಚೆ ಬದಿಯಲ್ಲಿ ಏನಿದೆ ಎಂದು.

ದಪ್ಪದ ಲೆಕ್ಕವನ್ನೇ ತೆಗೆದುಕೊಳ್ಳಿ. ಗೂಡಿನ ಒಳಗೋಡೆಯ ಬಹುಭಾಗ ಎಥ್ಮಾಯ್ಡ್ ಮೂಳೆಯ ಹಲಗೆ. ಅದರ ದಪ್ಪ 0.2ರಿಂದ 0.4 ಮಿಲಿಮೀಟರ್, ದೀಪಕ್ಕೆ ಹಿಡಿದರೆ ಬೆಳಕು ಆಚೆಗೆ ಹಾಯುತ್ತದೆ. ಗೂಡಿನ ನೆಲ ಇದಕ್ಕಿಂತ ದಪ್ಪ. ಹಾಗಿದ್ದರೆ ಗುದ್ದು ಬಿದ್ದಾಗ ಒಳಗೋಡೆಯೇ ಮೊದಲು ಹೋಗಬೇಕಲ್ಲ? ಆದರೆ ನೆಲದ ಮುರಿತ ಎಷ್ಟು ಸಾಮಾನ್ಯವೆಂದರೆ, 1957ರಲ್ಲಿ ಸ್ಮಿತ್ ಮತ್ತು ರೀಗನ್ ‘ಬ್ಲೋಔಟ್’ ಎಂಬ ಹೆಸರನ್ನು ಬಳಕೆಗೆ ತಂದದ್ದೇ ಅದಕ್ಕಾಗಿ. ಕಾರಣ ಆಚೆ ಬದಿಯಲ್ಲಿದೆ. ಎಥ್ಮಾಯ್ಡ್ ಹಲಗೆಯ ಹಿಂದೆ ಗಾಳಿ ತುಂಬಿದ ಪುಟ್ಟ ಪುಟ್ಟ ಕೋಣೆಗಳಿವೆ. ಅವುಗಳ ಅಡ್ಡಗೋಡೆಗಳು ಹಲಗೆಗೆ ಹಿಂದಿನಿಂದ ಆನಿಕೆ ಕೊಡುತ್ತವೆ. ನೆಲದ ಕೆಳಗಿರುವುದು ಮ್ಯಾಕ್ಸಿಲ್ಲಾದ ಒಂದೇ ದೊಡ್ಡ ಸೈನಸ್, ಅಂದರೆ ಬರಿ ಬಯಲು. ಸಾಲದೆಂಬಂತೆ ಒಂದು ನರ ಹಾದುಹೋಗುವ ಕಾಲುವೆ ಆ ನೆಲವನ್ನು ಸೀಳಿಕೊಂಡು ಸಾಗುತ್ತದೆ. ಸಿಟಿ ಸ್ಕ್ಯಾನ್ ಬಂದ ಮೇಲೆ ಒಳಗೋಡೆಯ ಮುರಿತಗಳೂ ಬೇಕಾದಷ್ಟು ಸಿಗುತ್ತಿವೆ, ಹಳೆಯ ಎಕ್ಸ್-ರೇಗಳಲ್ಲಿ ಅವು ಕಣ್ಣು ತಪ್ಪಿಸುತ್ತಿದ್ದವು ಎಂದು ಯಾರಾದರೂ ಆಕ್ಷೇಪಿಸಬಹುದು. ಅದು ನಿಜವೇ. ಆದರೂ ದಪ್ಪವೊಂದೇ ತೀರ್ಮಾನಿಸುವುದಾಗಿದ್ದರೆ ನೆಲ ಈ ಪೈಪೋಟಿಯಲ್ಲೇ ಇರಬಾರದಿತ್ತು.

ಇಲ್ಲೊಂದು ಆಕರ್ಷಕ ವಾದ ಹುಟ್ಟಿಕೊಳ್ಳುತ್ತದೆ: ಕಣ್ಣನ್ನು ಉಳಿಸಲೆಂದೇ ಪ್ರಕೃತಿ ಗೋಡೆಗಳನ್ನು ಮುರಿಯುವಷ್ಟು ತೆಳುವಾಗಿ ಮಾಡಿದೆ ಎಂಬುದು. ಪಾಠದಲ್ಲಿ ಇದನ್ನು ಹೇಳಿದರೆ ಎಲ್ಲರೂ ತಲೆದೂಗುತ್ತಾರೆ. ಅರ್ಧ ಸತ್ಯವಂತೂ ಹೌದು. ಸುಮಾರು 30 ಮಿಲಿಲೀಟರ್ ಜಾಗದ ಗೂಡಿನಲ್ಲಿ ಕಣ್ಣುಗುಡ್ಡೆ ಹಿಡಿಯುವುದು 7 ಮಿಲಿಲೀಟರ್. ಮಿಕ್ಕದ್ದು ಕೊಬ್ಬು, ಸ್ನಾಯು, ನರ. ಒತ್ತಡ ಏರಿದಾಗ ನೆಲ ಬಿಟ್ಟುಕೊಟ್ಟರೆ ಗುಡ್ಡೆಗೆ ಅಷ್ಟು ನಿರಾಳ. ಆದರೆ ಉಪಕಾರವಾಯಿತು ಎಂದ ಮಾತ್ರಕ್ಕೆ ಅದೇ ಉದ್ದೇಶವಾಗಿತ್ತು ಎನ್ನಲಾಗದು. ಹುಟ್ಟುವಾಗ ಚಿಕ್ಕದಾಗಿರುವ ಮ್ಯಾಕ್ಸಿಲ್ಲಾ ಸೈನಸ್ ಹದಿಹರೆಯದವರೆಗೂ ಹಿಗ್ಗುತ್ತಲೇ ಹೋಗುತ್ತದೆ. ಕಣ್ಣು ಮತ್ತು ಸೈನಸ್ಸುಗಳು ಹಂಚಿಕೊಂಡ ಗಡಿ ಈ ಗೋಡೆಗಳು. ಅದೇ ತೆಳುತನಕ್ಕೆ ಬೆಲೆಯೂ ಇದೆ. ಮಕ್ಕಳಲ್ಲಿ ಎಥ್ಮಾಯ್ಡ್ ಸೈನಸ್ಸಿನ ಸೋಂಕು ಆ ಹಲಗೆಯನ್ನು ದಾಟಿ ಕಣ್ಣಿನ ಗೂಡಿಗೆ ಇಳಿದರೆ ದೃಷ್ಟಿಗೇ ಕುತ್ತು. ಇನ್ನೊಂದು ಕಡೆ, ಥೈರಾಯ್ಡ್ ಕಾಯಿಲೆಯಿಂದ ಕಣ್ಣುಗಳು ಮುಂದಕ್ಕೆ ಚಾಚಿ ನರ ಅದುಮಿಹೋದಾಗ ಶಸ್ತ್ರವೈದ್ಯರು ಇದೇ ಗೋಡೆಯನ್ನು ಬೇಕೆಂದೇ ತೆಗೆದು ಜಾಗ ಮಾಡಿಕೊಡುತ್ತಾರೆ. ಒಂದೇ ಗುಣ ಒಮ್ಮೆ ರಕ್ಷಣೆ, ಒಮ್ಮೆ ಅಪಾಯ, ಒಮ್ಮೆ ವೈದ್ಯರಿಗೆ ದಾರಿ. ಮೂರಕ್ಕೂ ಉತ್ತರ ಸಿಗುವುದು ಆಚೆ ಏನಿದೆ ಎಂಬುದರಲ್ಲಿ. ಪ್ರಕೃತಿಯ ಜಾಣ್ಮೆಯ ಮಾತು ಮೊದಲನೆಯದನ್ನಷ್ಟೇ ವಿವರಿಸುತ್ತದೆ.

ಲ್ಯಾಕ್ರಿಮಲ್ ಮುಖದ ಅತಿ ಸಣ್ಣ ಮೂಳೆ. ಹಳೆಯ ತಲೆಬುರುಡೆಗಳಲ್ಲಿ ಅದು ಒಡೆದೋ ಉದುರಿಯೋ ಹೋಗಿರುವುದೇ ಹೆಚ್ಚು, ಹಾಗಾಗಿ ಕಲಿಯುವವರು ಅದನ್ನು ಲಕ್ಷ್ಯಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಕಣ್ಣೀರಿನ ಚೀಲ ಕೂತಿರುವ ತಗ್ಗಿನ ಅರ್ಧ ಅದರದು, ಆಚೆ ಬದಿ ಮೂಗು. ನಾಳ ಕಟ್ಟಿಕೊಂಡು ಕಣ್ಣು ಸದಾ ಸೋರುವವರಿಗೆ ಇಲ್ಲೇ ಮೂಳೆಯನ್ನು ಕೊರೆದು ಚೀಲವನ್ನು ನೇರ ಮೂಗಿಗೆ ತೆರೆಯುತ್ತಾರೆ. ಇಟಲಿಯ ಟೋಟಿ 1904ರಲ್ಲಿ ಮುಂದಿಟ್ಟ ಉಪಾಯ ಅದು. ಪ್ಯಾಲಟೈನ್ ಚೂರಂತೂ ಇನ್ನೂ ಅಲಕ್ಷಿತ. ಆದರೆ ನೆಲ ಕುಸಿದವರಿಗೆ ಫಲಕ ಕೂರಿಸುವ ಶಸ್ತ್ರವೈದ್ಯರು ಹಿಂದೆ ಗಟ್ಟಿ ನೆಲೆಗಾಗಿ ಹುಡುಕುವುದು ಆ ಚೂರನ್ನೇ. ಅದನ್ನು ಮೀರಿ ಹೋದರೆ ದೃಷ್ಟಿನರ ದೂರವಿಲ್ಲ.

ಇಷ್ಟೆಲ್ಲ ಸರಿ, ಈಗ ಮೂರು ಆಯಾಮದ ಚಿತ್ರಗಳು ಮೊಬೈಲಿನಲ್ಲೇ ಸಿಗುವಾಗ ಬೋನ್ ಸೆಟ್ ಹಿಡಿದು ಕೂರುವುದೇಕೆ ಎಂಬ ಪ್ರಶ್ನೆ ಇದೆ. ಒಣ ಮೂಳೆಯೇ ಪೂರ್ಣ ಸತ್ಯ ಎಂದು ನಾನೂ ವಾದಿಸಲಾರೆ. ಜೀವಂತ ಗೂಡಿನೊಳಗೆ ಮೂಳೆಯನ್ನು ಹೊದ್ದ ಪೊರೆ ಇದೆ, ಕೊಬ್ಬಿದೆ. ಬುರುಡೆಯಲ್ಲಿ ಎರಡೂ ಇಲ್ಲ. ಆದರೆ ಏಳು ಮೂಳೆಗೆ ಏಳು ಬಣ್ಣ ಬಳಿದು ಬೇರೆ ಬೇರೆ ತಿರುಗಿಸಿ ತೋರಿಸುವ ಚಿತ್ರ ಮತ್ತೆ ಅದೇ ಪಟ್ಟಿಯನ್ನು ಕಲಿಸುತ್ತದೆ, ಬಣ್ಣ ಹಚ್ಚಿಕೊಂಡು. ಸಿಟಿಯ ಒಂದು ಅಡ್ಡಸೀಳು ಅದಕ್ಕಿಂತ ಒಳ್ಳೆಯ ಗುರು, ಏಕೆಂದರೆ ಅಲ್ಲಿ ಗೂಡು, ಸೈನಸ್, ಮೂಗು, ಮಿದುಳು ಒಟ್ಟಿಗೇ ಕಾಣುತ್ತವೆ. ಸೈನಸ್ಸಿನೊಳಗೆ ಇಳಿಬಿದ್ದ ಕೊಬ್ಬಿನ ಹನಿ ಕಂಡರೆ ನೆಲ ಒಡೆದಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಈ ಓದು ತರಗತಿಯ ಹೊರಗೂ ಬೇಕಾಗುವುದು ಮಕ್ಕಳ ವಿಷಯದಲ್ಲಿ. ದೊಡ್ಡವರ ಮೂಳೆ ಒಡೆದು ಚೂರಾಗುತ್ತದೆ. ಮಕ್ಕಳದು ಬಾಗುವ ಮೂಳೆ; ನೆಲ ಬಿರಿದು ಕೆಳಕ್ಕೆ ತೆರೆದು, ಮರುಕ್ಷಣ ಮತ್ತೆ ಮುಚ್ಚಿಕೊಳ್ಳುತ್ತದೆ. ಆ ಬಿರುಕಿನಲ್ಲಿ ಕಣ್ಣು ತಿರುಗಿಸುವ ಸ್ನಾಯು ಸಿಕ್ಕಿಕೊಂಡರೆ ಹೊರಗೆ ಊತವಾಗಲಿ ಕೆಂಪಾಗಲಿ ಹೆಚ್ಚಿರುವುದಿಲ್ಲ, ಕಣ್ಣು ಬೆಳ್ಳಗೇ ಇರುತ್ತದೆ. ಆದರೆ ಮಗು ವಾಂತಿ ಮಾಡುತ್ತದೆ, ನಾಡಿ ನಿಧಾನವಾಗುತ್ತದೆ. ತಲೆಗೆ ಪೆಟ್ಟಾಗಿದೆ ಎಂದುಕೊಂಡು ಕಣ್ಣನ್ನು ಮರೆಯುವುದು ಸುಲಭ. ಸಿಕ್ಕಿಬಿದ್ದ ಸ್ನಾಯುವಿಗೆ ರಕ್ತ ನಿಂತರೆ ಅದು ಬೇಗ ಹಾಳಾಗುತ್ತದೆ. ಆದ್ದರಿಂದ ಚೆಂಡೋ ಮೊಣಕೈಯೋ ಕಣ್ಣಿಗೆ ಬಡಿದ ಮಗುವಿಗೆ ಮೇಲೆ ನೋಡಲು ಆಗದಿದ್ದರೆ, ಒಂದು ವಸ್ತು ಎರಡಾಗಿ ಕಂಡರೆ, ವಾಂತಿಯಾದರೆ, ಅಥವಾ ಕೆನ್ನೆ, ಮೇಲ್ದುಟಿ ಜೋಮು ಹಿಡಿದರೆ, ಗಾಯ ಕಾಣುತ್ತಿಲ್ಲವೆಂದು ಕಾಯಬೇಡಿ. ಕಣ್ಣಿನ ವೈದ್ಯರೂ ಸಿಟಿ ಸ್ಕ್ಯಾನೂ ಇರುವ ಆಸ್ಪತ್ರೆಗೆ ಅಂದೇ ಕರೆದೊಯ್ಯಿರಿ. ವೈದ್ಯರು ನೋಡುವವರೆಗೆ ಮಗು ಜೋರಾಗಿ ಮೂಗಿನಿಂದ ಗಾಳಿ ಬಿಟ್ಟು ಸಿಂಬಳ ತೆಗೆಯದಂತೆ ನೋಡಿಕೊಳ್ಳಿ. ಗೋಡೆ ಒಡೆದಿದ್ದರೆ ಸೈನಸ್ಸಿನ ಗಾಳಿ ಕಣ್ಣಿನ ಗೂಡಿಗೆ ನುಗ್ಗುತ್ತದೆ.